ಬಿಳಿಯಾಗಿ ಉಳಿದ ಐವತ್ತು ನಿಮಿಷ: ರ‍್ಯಾಮ್‌ನಲ್ಲಿರೋ ಮಾನಿಟರಿಂಗ್ ಡೇಟಾ ಡಿಸ್ಕಿಗೆ ಹೋಗೋ ದಾರಿ

ಕಳೆದ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ನಮ್ಮ ಲ್ಯಾಬಿನ ಕ್ಲಸ್ಟರ್ ಪೂರ್ತಿ ಮಲಗಿಬಿಡ್ತು. ಫೈನಲ್ ಇಯರ್‌ನವರ ಪ್ರಾಜೆಕ್ಟ್ ರನ್ ಆಗ್ತಿತ್ತು, ಬೆಳಿಗ್ಗೆ ರಿವ್ಯೂ ಇತ್ತು. ಅವರ ಔಟ್‌ಪುಟ್ ಫೈಲಿನ ಕೊನೇ ಸಾಲು ಬಿದ್ದಿದ್ದು ರಾತ್ರಿ 11:50ಕ್ಕೆ. ಬೆಳಿಗ್ಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಆಗಿದ್ದೇನು? ಮೆಮೊರಿ ತುಂಬಿತ್ತಾ, ಬಿಸಿ ಏರಿತ್ತಾ, ಯುಪಿಎಸ್ ಕೈಕೊಡ್ತಾ? ಇಂಥ ಪ್ರಶ್ನೆಗೆ ಉತ್ತರ ಸಿಗಲಿ ಅಂತಲೇ ನಾವು ಗ್ಯಾಂಗ್ಲಿಯಾ ಹಾಕಿದ್ದು. ಬ್ಯಾಕಪ್‌ನಿಂದ ಡೇಟಾ ವಾಪಸ್ ತಂದು ಪೇಜ್ ತೆರೆದು ನೋಡಿದ್ರೆ, ಗ್ರಾಫ್ ಸರಿಯಾಗಿ 11:00ಕ್ಕೆ ನಿಂತಿದೆ. ಅಲ್ಲಿಂದಾಚೆಗೆ ಬಿಳಿ.

ಕಾರಣ ಸರಳ. ಗ್ರಾಫ್‌ಗಳ ಡೇಟಾ ಇದ್ದಿದ್ದು ರ‍್ಯಾಮ್‌ನಲ್ಲಿ. ಗಂಟೆಗೊಮ್ಮೆ ಒಂದು ಕ್ರಾನ್ ಜಾಬ್ ಅದನ್ನ ಡಿಸ್ಕಿಗೆ ಕಾಪಿ ಮಾಡ್ತಿತ್ತು. ಕೊನೇ ಕಾಪಿ 11:00ರದ್ದು, ಕರೆಂಟಿನ ಜೊತೆ ಉಳಿದ ಐವತ್ತು ನಿಮಿಷವೂ ಹೋಯ್ತು. ನೋಡಿ, ಒಂದು ವರ್ಷದ ಡೇಟಾದಲ್ಲಿ ಐವತ್ತು ನಿಮಿಷ ಅಂದ್ರೆ ಲೆಕ್ಕಕ್ಕೇ ಇಲ್ಲ. ಆದ್ರೆ ನಮಗೆ ಬೇಕಾಗಿದ್ದು ಆ ಐವತ್ತು ನಿಮಿಷ ಮಾತ್ರ. ಮಾನಿಟರಿಂಗ್ ಡೇಟಾದ ಬ್ಯಾಕಪ್ ಮಾಮೂಲಿ ಫೈಲ್ ಬ್ಯಾಕಪ್‌ಗಿಂತ ಬೇರೆ ಆಗೋದು ಇಲ್ಲೇ. ಯಾವ ಭಾಗ ಹೆಚ್ಚು ಬೆಲೆಯದ್ದೋ ಅದೇ ಭಾಗ ಮೊದಲು ಕಳೆದುಹೋಗುತ್ತೆ.

ಅವತ್ತು ಬೆಳಿಗ್ಗೆ ಇದಕ್ಕಿಂತ ದೊಡ್ಡ ನಷ್ಟ ಒಂದು ಮೂರು ನಿಮಿಷದಲ್ಲಿ ತಪ್ಪಿತು. ಅದನ್ನ ಆಮೇಲೆ ಹೇಳ್ತೀನಿ. ಮೊದಲು, ಡೇಟಾವನ್ನ ರ‍್ಯಾಮ್‌ನಲ್ಲಿ ಇಡೋ ಕರ್ಮ ಯಾಕೆ ಅನ್ನೋದನ್ನ ನೋಡೋಣ.

ಒಂದು ಫೈಲಿನೊಳಗೆ ಏನಿದೆ

ಗ್ಯಾಂಗ್ಲಿಯಾ ಹುಟ್ಟಿದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, ಕ್ಲಸ್ಟರ್‌ಗಳಿಗಾಗಿ. ಪ್ರತಿ ಮಷೀನಿನಲ್ಲಿ ಜಿಮಾಂಡ್ ಅನ್ನೋ ಚಿಕ್ಕ ಪ್ರೋಗ್ರಾಂ ಸಿಪಿಯು, ಮೆಮೊರಿ, ನೆಟ್‌ವರ್ಕ್ ಅಂಕಿಗಳನ್ನ ಕೂಡಿಸುತ್ತೆ. ಒಂದು ಕಡೆ ಕೂತಿರೋ ಜಿಮೆಟಾಡ್ 15 ಸೆಕೆಂಡಿಗೊಮ್ಮೆ ಅವನ್ನೆಲ್ಲ ಕೇಳಿ ತಗೊಂಡು ಆರ್‌ಆರ್‌ಡಿ ಫೈಲ್‌ಗಳಿಗೆ ಬರೆಯುತ್ತೆ. ಆರ್‌ಆರ್‌ಡಿ ಅಂದ್ರೆ ರೌಂಡ್ ರಾಬಿನ್ ಡೇಟಾಬೇಸ್. ಸ್ವಿಟ್ಜರ್ಲೆಂಡಿನ ಟೋಬಿಯಸ್ ಓಟಿಕರ್ 1999ರಲ್ಲಿ ಹೊರತಂದ ಆರ್‌ಆರ್‌ಡಿಟೂಲ್‌ನ ಫೈಲ್ ಫಾರ್ಮ್ಯಾಟ್ ಅದು.

ಈ ಫೈಲಿನ ಮುಖ್ಯ ಗುಣ, ಅದು ಬೆಳೆಯೋದಿಲ್ಲ. ಹುಟ್ಟುವಾಗಲೇ ಪೂರ್ತಿ ಸೈಜ್. ಒಳಗೆ ಗಡಿಯಾರದ ಮುಳ್ಳಿನ ಹಾಗೆ ಒಂದು ಪಾಯಿಂಟರ್ ಸುತ್ತುತ್ತಾ ಹಳೇದರ ಮೇಲೆ ಹೊಸದನ್ನ ಬರೀತಾ ಹೋಗುತ್ತೆ. ಗ್ಯಾಂಗ್ಲಿಯಾದ ಡೀಫಾಲ್ಟ್‌ನಲ್ಲಿ ಇಂಥ ಮೂರು ಸುತ್ತುಗಳಿರುತ್ತವೆ: 15 ಸೆಕೆಂಡಿನ 5,856 ಸಾಲು, ಅಂದ್ರೆ ಒಂದು ದಿನ, ಒಂದು ನಿಮಿಷದ 20,160 ಸಾಲು, ಎರಡು ವಾರ, 10 ನಿಮಿಷದ 52,704 ಸಾಲು, 366 ದಿನ. ಒಟ್ಟು 78,720 ಸಾಲು, ಸಾಲಿಗೆ 8 ಬೈಟ್, ಅಲ್ಲಿಗೆ ಒಂದು ಫೈಲ್ ಸುಮಾರು 630 ಕೆಬಿ. ಹುಟ್ಟಿದ ದಿನವೂ 630 ಕೆಬಿ, ವರ್ಷದ ಮೇಲೂ 630 ಕೆಬಿ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಇದೇ ಕಾಲಿಗೆ ತೊಡರುತ್ತೆ.

ಒಂದು ಮಷೀನಿನ ಒಂದು ಅಳತೆಗೆ ಒಂದು ಫೈಲ್. 40 ಮಷೀನು, ಮಷೀನಿಗೆ 30 ಅಳತೆ ಅಂದುಕೊಂಡ್ರೆ 1200 ಫೈಲು, ಒಟ್ಟು 756 ಎಂಬಿ. ಪೆನ್‌ಡ್ರೈವ್‌ಗೆ ಹಿಡಿಸೋವಷ್ಟು. ಸೈಜ್ ದೊಡ್ಡದಲ್ಲ, ತೊಂದರೆ ಇರೋದು ಬರೆಯೋ ರೀತಿಯಲ್ಲಿ. 1200 ಫೈಲನ್ನ 15 ಸೆಕೆಂಡಿಗೊಮ್ಮೆ ಮುಟ್ಟಬೇಕು ಅಂದ್ರೆ ಸೆಕೆಂಡಿಗೆ 80 ಅಪ್‌ಡೇಟ್. ಒಂದೊಂದು ಅಪ್‌ಡೇಟಿನಲ್ಲೂ ಫೈಲಿನ ತಲೆಭಾಗದಲ್ಲಿ ಒಂದು ಕಡೆ, ಡೇಟಾದಲ್ಲಿ ಇನ್ನೊಂದು ಕಡೆ ಬರೆಯಬೇಕು. 7200 ಆರ್‌ಪಿಎಂ ಹಾರ್ಡ್‌ಡಿಸ್ಕಿನಲ್ಲಿ ಹೆಡ್ ಸರಿಯೋದು, ತಟ್ಟೆ ಸುತ್ತೋದು ಎಲ್ಲ ಸೇರಿ ಒಂದು ಜಿಗಿತಕ್ಕೆ ಹತ್ತಿರ ಹತ್ತಿರ 12 ಮಿಲಿಸೆಕೆಂಡು. ಸೆಕೆಂಡಿಗೆ 80 ಜಿಗಿತ ಆದ್ರೆ ಅದೇ ಹೆಚ್ಚು. ನಮಗೆ ಬೇಕಾಗಿರೋದು 160. ಕರ್ನಲ್ ಬರಹಗಳನ್ನ ಪೇಜ್ ಕ್ಯಾಶ್‌ನಲ್ಲಿ ಹಿಡಿದಿಟ್ಟು ಸ್ವಲ್ಪ ಕೂಡಿಸಿ ಬರೆಯುತ್ತೆ, ಹಾಗಾಗಿ ವಾಸ್ತವ ಇಷ್ಟು ಕೆಟ್ಟದಾಗಿರಲ್ಲ. ಆದ್ರೂ ಮಷೀನುಗಳು ಹೆಚ್ಚಾದ ಹಾಗೆ, ಮಾನಿಟರಿಂಗ್ ಸರ್ವರಿನ ಡಿಸ್ಕ್ ಲೈಟ್ ಆರೋದೇ ಇಲ್ಲ, ಗ್ರಾಫ್ ತೆರೆಯೋಕೆ ಕಾಯಬೇಕು.

ಇದಕ್ಕೆ ಬಹಳ ಜನ ಮಾಡೋ ಉಪಾಯ ಟಿಎಂಪಿಎಫ್‌ಎಸ್. ರ‍್ಯಾಮ್‌ನ ಒಂದು ಭಾಗವನ್ನೇ ಫೋಲ್ಡರ್ ಥರ ಮೌಂಟ್ ಮಾಡಿ ಆರ್‌ಆರ್‌ಡಿ ಫೈಲ್‌ಗಳನ್ನ ಅಲ್ಲಿಡೋದು. ಗ್ಯಾಂಗ್ಲಿಯಾಗೆ ವ್ಯತ್ಯಾಸವೇ ಗೊತ್ತಾಗಲ್ಲ. ಡಿಸ್ಕ್ ಶಾಂತ. ನಾವೂ ಅದನ್ನೇ ಮಾಡಿದ್ವಿ, ಅಂತರ್ಜಾಲದಲ್ಲಿ ಸಿಕ್ಕ ಎರಡು ಸಾಲು ಕಾಪಿ ಹೊಡೆದು. ಗಾತ್ರಕ್ಕೆ ಮಿತಿ ಹೇಳದಿದ್ರೆ ಅದು ರ‍್ಯಾಮ್‌ನ ಅರ್ಧದವರೆಗೂ ಬೆಳೆಯಬಹುದು, ರ‍್ಯಾಮ್ ಸಾಲದಾದ್ರೆ ಅದರ ಪುಟಗಳು ಸ್ವಾಪ್‌ಗೆ ಹೋಗ್ತವೆ. ಡಿಸ್ಕ್ ತಪ್ಪಿಸೋಕೆ ಹೋಗಿ ಸುತ್ತು ಬಳಸಿ ಮತ್ತೆ ಡಿಸ್ಕಿಗೇ! ಸ್ವಾಪ್‌ಗೆ ಹೋಗಿದ್ದು ಬ್ಯಾಕಪ್ ಅಂತೂ ಅಲ್ಲ, ರೀಬೂಟ್ ಆದ್ರೆ ಅದಕ್ಕೆ ಅರ್ಥವಿಲ್ಲ.

ಗಂಟೆಗೊಮ್ಮೆ ಕಾಪಿ

ರ‍್ಯಾಮ್‌ನಲ್ಲಿಟ್ಟ ಮೇಲೆ ಡಿಸ್ಕಿಗೆ ಕಾಪಿ ಬೇಕೇ ಬೇಕು. ಕ್ರಾನ್ ಮತ್ತು ಆರ್‌ಸಿಂಕ್ ಸೇರಿಸಿದ್ರೆ ಒಂದು ಸಾಲಿನ ಕೆಲಸ. ಎಷ್ಟು ಹೊತ್ತಿಗೊಮ್ಮೆ ಅನ್ನೋದೇ ಪ್ರಶ್ನೆ. ನಮ್ಮಲ್ಲಿ ಆ ರಾತ್ರಿಯ ನಂತರ ಥಟ್ಟನೆ ಬಂದ ಸಲಹೆ, "ಹತ್ತು ನಿಮಿಷಕ್ಕೊಮ್ಮೆ ಮಾಡ್ಬಿಡೋಣ" ಅಂತ. ಲೆಕ್ಕ ಹಾಕಿದ್ಮೇಲೆ ಕೈಬಿಟ್ವಿ.

ಆರ್‌ಸಿಂಕ್ ಒಂದು ಫೈಲ್ ಬದಲಾಗಿದೆಯಾ ಅಂತ ನೋಡೋದು ಸೈಜ್ ಮತ್ತು ಸಮಯದಿಂದ. ನಮ್ಮ ಫೈಲ್‌ಗಳ ಸೈಜ್ ಎಂದೂ ಬದಲಾಗಲ್ಲ, ಸಮಯ ಮಾತ್ರ 15 ಸೆಕೆಂಡಿಗೊಮ್ಮೆ ಬದಲಾಗುತ್ತೆ. ಹಾಗಾಗಿ ಪ್ರತಿ ಸಲವೂ 1200ಕ್ಕೆ 1200 ಫೈಲೂ "ಬದಲಾಗಿದೆ" ಲಿಸ್ಟಿಗೆ ಬರುತ್ತೆ. ಬದಲಾದ ತುಣುಕನ್ನಷ್ಟೇ ಕಳಿಸೋ ಆರ್‌ಸಿಂಕ್‌ನ ಹೆಸರಾಂತ ಜಾಣತನ, ಒಂದೇ ಮಷೀನಿನೊಳಗೆ ಕಾಪಿ ಮಾಡುವಾಗ ಡೀಫಾಲ್ಟ್ ಆಗಿ ಆಫ್ ಇರುತ್ತೆ. ಇಡೀ ಫೈಲನ್ನೇ ಬರೆಯುತ್ತೆ. ಅಂದ್ರೆ ಪ್ರತಿ ಸಲ 756 ಎಂಬಿ. ಗಂಟೆಗೊಮ್ಮೆ ಆದ್ರೆ ದಿನಕ್ಕೆ 18 ಜಿಬಿ. ಹತ್ತು ನಿಮಿಷಕ್ಕೊಮ್ಮೆ ಆದ್ರೆ 109 ಜಿಬಿ. ರ‍್ಯಾಮ್ ಗೀಮ್ ಏನೂ ಬೇಡ ಅಂತ ನೇರವಾಗಿ ಡಿಸ್ಕಿಗೇ ಬರೆದಿದ್ರೆ, ಕರ್ನಲ್ ಅರ್ಧ ನಿಮಿಷಕ್ಕೊಮ್ಮೆ 4 ಕೆಬಿ ಪುಟಗಳನ್ನ ಇಳಿಸುತ್ತೆ ಅಂತಿಟ್ಕೊಂಡು ನನ್ನ ಅಂದಾಜು ದಿನಕ್ಕೆ 30 ಜಿಬಿ ಆಸುಪಾಸು. ಹಾರ್ಡ್‌ಡಿಸ್ಕಿಗೆ 109 ಜಿಬಿಯೂ ಪರವಾಗಿಲ್ಲ, ಸಾಲಾಗಿ ಬರೆಯೋ ಕೆಲಸ ಅದಕ್ಕೆ ಸಲೀಸು, ಜಿಗಿತವೇ ಕಷ್ಟ. ಎಸ್‌ಎಸ್‌ಡಿಗೆ ತಿರುಗುಮುರುಗು: ಜಿಗಿತ ಸಲೀಸು, ಬರೆದ ಬೈಟುಗಳೇ ಆಯುಸ್ಸು ತಿನ್ನೋದು. "ಎಸ್‌ಎಸ್‌ಡಿ ಉಳಿಸೋಕೆ ರ‍್ಯಾಮ್‌ನಲ್ಲಿಟ್ಟಿದ್ದೀವಿ" ಅಂತ ಹೇಳಿ ಹತ್ತು ನಿಮಿಷಕ್ಕೊಮ್ಮೆ ಪೂರ್ತಿ ಕಾಪಿ ಮಾಡೋರು ಮೂರು ಪಟ್ಟು ಹೆಚ್ಚು ಬರೀತಿರ್ತಾರೆ.

ರಾಸ್ಪ್‌ಬೆರಿ ಪೈ ಮೇಲೆ ಪ್ರಾಜೆಕ್ಟ್ ಮಾಡೋರಿಗೂ ಇದೇ ಲೆಕ್ಕ. ಎಸ್‌ಡಿ ಕಾರ್ಡ್ ಸವೆಯದಿರಲಿ ಅಂತ ಲಾಗ್‌ಗಳನ್ನ ರ‍್ಯಾಮ್‌ನಲ್ಲಿಡೋ ಲಾಗ್‌ಟುರ‍್ಯಾಮ್ ಥರದ ಟೂಲ್‌ಗಳು ಆಗಾಗ ಮಾತ್ರ ಕಾರ್ಡಿಗೆ ಇಳಿಸೋದು ಈ ಕಾರಣಕ್ಕೇ.

ಕಾಪಿ ಆಗ್ತಿರುವಾಗಲೇ ಜಿಮೆಟಾಡ್ ಅದೇ ಫೈಲಿಗೆ ಬರೀತಿದ್ರೆ? ತಲೆಭಾಗ ಹಳೇದು, ಡೇಟಾ ಹೊಸದು ಅನ್ನೋ ಅರೆಬರೆ ಕಾಪಿ ಬರಬಹುದು. ಕಾಪಿ ಮುಗಿಯೋವರೆಗೆ ಜಿಮೆಟಾಡನ್ನ ನಿಲ್ಲಿಸೋದು ಸುಲಭದ ದಾರಿ. ಆರ್‌ಆರ್‌ಡಿಯಲ್ಲಿ ಹಾರ್ಟ್‌ಬೀಟ್ ಅನ್ನೋ ಒಂದು ಅವಧಿ ಇದೆ, ಎರಡು ಅಪ್‌ಡೇಟ್‌ಗಳ ನಡುವಿನ ಅಂತರ ಅದರೊಳಗಿದ್ರೆ ಖಾಲಿ ಜಾಗ ಬೀಳಲ್ಲ, ದಾಟಿದ್ರೆ ಮಾತ್ರ "ಗೊತ್ತಿಲ್ಲ" ಅಂತ ಬರೆದುಕೊಳ್ಳುತ್ತೆ. ಕೆಲವು ಸೆಕೆಂಡ್ ನಿಲ್ಲಿಸಿದ್ರೆ ಗ್ರಾಫಿಗೆ ಗೊತ್ತೇ ಆಗಲ್ಲ. ಇಡೀ ಫೋಲ್ಡರ್ ಒಂದೇ ಕ್ಷಣದ ಚಿತ್ರ ಆಗಿರಬೇಕು ಅಂತ ತಲೆಕೆಡಿಸಿಕೊಳ್ಳೋದು ಬೇಡ. ಬ್ಯಾಂಕ್ ಡೇಟಾಬೇಸ್‌ನ ಹಾಗಲ್ಲ ಇದು, ಒಂದೊಂದು ಫೈಲೂ ಸ್ವತಂತ್ರ. ಒಂದರಲ್ಲಿ 11:00, ಇನ್ನೊಂದರಲ್ಲಿ 11:01 ಇದ್ರೆ ಆಕಾಶ ಕಳಚಿ ಬೀಳಲ್ಲ.

ಆ ಬೆಳಿಗ್ಗೆ 8:57

ಈಗ ಮೂರು ನಿಮಿಷದ ಕಥೆ. ಬೆಳಿಗ್ಗೆ 8:50ಕ್ಕೆ ಮಾನಿಟರಿಂಗ್ ಸರ್ವರ್ ಬೂಟ್ ಆಯ್ತು. ಟಿಎಂಪಿಎಫ್‌ಎಸ್ ಖಾಲಿ, ಅದು ಸಹಜ. ಡಿಸ್ಕಿನಿಂದ ವಾಪಸ್ ತರೋ ಸ್ಕ್ರಿಪ್ಟ್ ನಮ್ಮಲ್ಲಿತ್ತು, ಆದ್ರೆ ಬೂಟ್ ಆಗುವಾಗ ತಾನೇ ಓಡೋ ಹಾಗೆ ಯಾರೂ ಸೇರಿಸಿರಲಿಲ್ಲ. ಜಿಮೆಟಾಡ್ ಮಾತ್ರ ತಾನಾಗೇ ಶುರುವಾಯ್ತು. ಫೋಲ್ಡರ್ ಖಾಲಿ ಇರೋದನ್ನ ನೋಡಿ, "ಓಹೋ ಹೊಸ ಕ್ಲಸ್ಟರ್" ಅಂದ್ಕೊಂಡು 1200 ಹೊಸ ಫೈಲ್ ಸೃಷ್ಟಿ ಮಾಡ್ತು. ಅದೇ ಹೆಸರು, ಅದೇ 630 ಕೆಬಿ, ಒಳಗೆ ಏನೂ ಇಲ್ಲ.

9:00ಕ್ಕೆ ಕ್ರಾನ್ ಎದ್ದಿದ್ರೆ ಆರ್‌ಸಿಂಕ್ ನಿಷ್ಠೆಯಿಂದ ಆ 1200 ಖಾಲಿ ಫೈಲ್‌ಗಳನ್ನ ಡಿಸ್ಕಿನ ಮೇಲಿದ್ದ ಒಂದು ವರ್ಷದ ಫೈಲ್‌ಗಳ ಮೇಲೆ ಬರೆದುಬಿಡ್ತಿತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. 8:57ಕ್ಕೆ ನಮ್ಮ ಸೀನಿಯರ್ ಒಬ್ರು ವರ್ಷದ ಗ್ರಾಫ್ ಬೋಳಾಗಿರೋದನ್ನ ನೋಡಿ ಕ್ರಾನ್ ನಿಲ್ಲಿಸಿದ್ರು.

ಇಲ್ಲಿ ಸಾಮಾನ್ಯವಾಗಿ ಹೇಳೋ ಬುದ್ಧಿಮಾತು, "ಆರ್‌ಸಿಂಕ್‌ಗೆ ಡಿಲೀಟ್ ಆಪ್ಷನ್ ಕೊಡಬೇಡಿ" ಅಂತ. ಅದು ಸರಿಯೇ: ಆ ಆಪ್ಷನ್ ಇದ್ದು ಮೂಲ ಫೋಲ್ಡರ್ ಖಾಲಿ ಇದ್ರೆ ಬ್ಯಾಕಪ್ ಪೂರ್ತಿ ಗುಡಿಸಿಹೋಗುತ್ತೆ. ಆದ್ರೆ ನಮ್ಮಲ್ಲಿ ಆ ಆಪ್ಷನ್ ಇರಲಿಲ್ಲ, ಆದ್ರೂ ಹೋಗ್ತಿತ್ತು. ಫೈಲ್ ಎಣಿಸಿ ನೋಡೋ ಚೆಕ್ ಹಾಕಿದ್ರೂ ಪಾಸ್, ಸೈಜ್ ನೋಡೋ ಚೆಕ್ ಹಾಕಿದ್ರೂ ಪಾಸ್. ಬೆಳೆಯದ ಫೈಲಿನ ಗುಣ ಇಲ್ಲಿ ವಿಷ ಆಗುತ್ತೆ. ಇನ್ನೊಂದು ರೀತಿಯಲ್ಲೂ ಕೆಡಬಹುದು. ತಡವಾಗಿ ರಿಸ್ಟೋರ್ ಓಡಿಸಿ, ಆ ಕಡೆ ಹೊಸ ಫೈಲ್ ಇದ್ರೆ ಮುಟ್ಟಬೇಡ ಅನ್ನೋ ಅಪ್‌ಡೇಟ್ ಆಪ್ಷನ್ ಕೊಟ್ಟಿದ್ರೆ, ಖಾಲಿ ಫೈಲೇ "ಹೊಸದು" ಆಗಿರೋದ್ರಿಂದ ವರ್ಷದ ಫೈಲ್ ವಾಪಸ್ ಬರೋದೇ ಇಲ್ಲ.

ನಾವು ಆಮೇಲೆ ಮಾಡಿದ ಪರಿಹಾರ ಹತ್ತು ಸಾಲಿನದ್ದು. ರಿಸ್ಟೋರ್ ಪೂರ್ತಿ ಯಶಸ್ವಿಯಾಗಿ ಮುಗಿದ ಮೇಲೆ, ಕಟ್ಟಕಡೆಗೆ, ಟಿಎಂಪಿಎಫ್‌ಎಸ್ ಒಳಗೆ ಒಂದು ಖಾಲಿ ಗುರುತಿನ ಫೈಲ್ ಇಡುತ್ತೆ. ಬ್ಯಾಕಪ್ ಸ್ಕ್ರಿಪ್ಟ್ ಮೊದಲು ಆ ಗುರುತು ಇದೆಯಾ ನೋಡುತ್ತೆ, ಇಲ್ಲದಿದ್ರೆ ಏನನ್ನೂ ಮುಟ್ಟದೆ ಹೊರಗೆ. ಗುರುತು ರ‍್ಯಾಮ್‌ನಲ್ಲೇ ಇರೋದ್ರಿಂದ ಪ್ರತಿ ರೀಬೂಟಿಗೂ ತಾನಾಗೇ ಅಳಿಸಿಹೋಗುತ್ತೆ. ಅದೇ ಇದರ ಚಂದ. ಜೊತೆಗೆ ಸಿಸ್ಟಂಡಿಯಲ್ಲಿ ಕ್ರಮ ಕಟ್ಟಿದ್ವಿ: ಮೊದಲು ಮೌಂಟ್, ಆಮೇಲೆ ರಿಸ್ಟೋರ್, ಅದು ಗೆದ್ದರೆ ಮಾತ್ರ ಜಿಮೆಟಾಡ್. ಬ್ಯಾಕಪ್ ಒಂದರ ಮೇಲೊಂದು ಬೀಳದ ಹಾಗೆ ಎರಡು ಫೋಲ್ಡರ್‌ಗಳಿಗೆ ಸರದಿ ಮೇಲೆ ಹೋಗುತ್ತೆ. ಗುರುತಿಲ್ಲ ಅಂತ ಬ್ಯಾಕಪ್ ಸುಮ್ಮನೆ ನಿಂತುಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ? ಅದಕ್ಕೆ ಕೊನೇ ಒಳ್ಳೇ ಬ್ಯಾಕಪ್ ಆಗಿ ಎಷ್ಟು ನಿಮಿಷ ಆಯ್ತು ಅನ್ನೋ ಅಂಕಿಯನ್ನ ಜಿಮೆಟ್ರಿಕ್ ಕಮಾಂಡಿನಿಂದ ಗ್ಯಾಂಗ್ಲಿಯಾಗೇ ಕೊಟ್ವಿ. ಈಗ ಅದಕ್ಕೂ ಒಂದು ಗ್ರಾಫ್ ಇದೆ.

ಯುಪಿಎಸ್ ಇದ್ದರೆ ಆರೋ ಮುಂಚೆ ಕೊನೇ ಕಾಪಿ ಮಾಡಿಸಬಹುದು. ಬ್ಯಾಟರಿ ಇಳಿದಾಗ ಸರ್ವರಿಗೆ ಶಟ್‌ಡೌನ್ ಹೇಳೋಕೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಥರದ ಸಾಫ್ಟ್‌ವೇರ್ ಇದೆ. ಆದ್ರೆ ಒಂದು ಸರ್ವಿಸ್ ನಿಲ್ಲೋಕೆ ಸಿಸ್ಟಂಡಿ ಡೀಫಾಲ್ಟ್ ಆಗಿ ಕಾಯೋದು 90 ಸೆಕೆಂಡು, ಆಮೇಲೆ ಮುಲಾಜಿಲ್ಲದೆ ಸಾಯಿಸುತ್ತೆ. ನಿಮ್ಮ ಕಾಪಿ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಒಮ್ಮೆ ಅಳೆದು ನೋಡಿ.

ಚರಿತ್ರೆ ಬೇರೆ, ಕೊನೇ ಗಂಟೆ ಬೇರೆ

ಇಷ್ಟೆಲ್ಲ ಸರಿಮಾಡಿದ್ರೂ ಐವತ್ತು ನಿಮಿಷದ ಪ್ರಶ್ನೆ ಹಾಗೇ ಉಳಿಯಿತು. ಯಾಕಂದ್ರೆ ನಾವು ಎರಡು ಬೇರೆ ಬೇರೆ ವಸ್ತುಗಳನ್ನ ಒಂದೇ ಚೀಲಕ್ಕೆ ಹಾಕಿದ್ವಿ. ವರ್ಷದ ಚರಿತ್ರೆಗೆ ಗಂಟೆಗೊಮ್ಮೆ ಏನು, ದಿನಕ್ಕೊಮ್ಮೆ ಕಾಪಿ ಮಾಡಿದ್ರೂ ಸಾಕು. 52,704 ಸಾಲುಗಳಲ್ಲಿ ಆರು ಸಾಲು ಬಿಳಿಯಾದ್ರೆ ಯಾರ ಕಣ್ಣಿಗೂ ಬೀಳಲ್ಲ. ಕೊನೇ ಗಂಟೆಗೆ ಬೇಕಿರೋದು ಕಾಪಿ ಅಲ್ಲ, ಜರ್ನಲ್.

ಕಿರಾಣಿ ಅಂಗಡಿಯಲ್ಲಿ ನೋಡಿದ್ದೀರಲ್ಲ, ಗಿರಾಕಿ ಇದ್ದಾಗ ಲೆಡ್ಜರ್ ಪುಟ ಹುಡುಕ್ತಾ ಕೂರಲ್ಲ. ಒಂದು ಕಚ್ಚಾ ಪುಸ್ತಕದಲ್ಲಿ ಸಾಲಾಗಿ ಗೀಚಿಕೊಂಡು ಹೋಗ್ತಾರೆ, ರಾತ್ರಿ ಕೂತು ಅವರವರ ಖಾತೆಗೆ ಏರಿಸ್ತಾರೆ. ಆರ್‌ಆರ್‌ಡಿಟೂಲ್ 1.4ರ ಜೊತೆ ಬಂದ ಆರ್‌ಆರ್‌ಡಿಕ್ಯಾಶ್‌ಡಿ ಮಾಡೋದು ಇಷ್ಟೇ. ಅಪ್‌ಡೇಟ್‌ಗಳನ್ನ ರ‍್ಯಾಮ್‌ನಲ್ಲಿ ಕೂಡಿಟ್ಟುಕೊಂಡು, ಡೀಫಾಲ್ಟ್ ಲೆಕ್ಕದಲ್ಲಿ 300 ಸೆಕೆಂಡಿಗೊಮ್ಮೆ ಒಂದೊಂದು ಫೈಲಿಗೆ ಒಟ್ಟಿಗೆ ಬರೆಯುತ್ತೆ. 15 ಸೆಕೆಂಡಿನ 20 ಅಪ್‌ಡೇಟ್ ಒಂದೇ ಏಟಿಗೆ. ಸೆಕೆಂಡಿಗೆ 80 ಇದ್ದ ಕೆಲಸ 4ಕ್ಕೆ ಇಳಿಯಿತು. ಜರ್ನಲ್ ಆನ್ ಮಾಡಿದ್ರೆ ಬಂದ ಪ್ರತಿ ಅಪ್‌ಡೇಟನ್ನೂ ಒಂದು ಫೈಲಿನ ತುದಿಗೆ ಸಾಲಾಗಿ ಬರೆದುಕೊಳ್ಳುತ್ತೆ. ಕ್ರ್ಯಾಶ್ ಆಗಿ ಮತ್ತೆ ಎದ್ದಾಗ ಜರ್ನಲ್ ಓದಿ, ಖಾತೆಗೆ ಏರದೆ ಉಳಿದಿದ್ದನ್ನ ಏರಿಸುತ್ತೆ. ನಡುವೆ ಯಾರಾದ್ರೂ ಗ್ರಾಫ್ ಕೇಳಿದ್ರೆ ಆ ಒಂದು ಫೈಲನ್ನ ಮಾತ್ರ ತಕ್ಷಣ ಫ್ಲಶ್ ಮಾಡುತ್ತೆ. ನಮ್ಮ 1200 ಫೈಲಿಗೆ ಜರ್ನಲ್ ಸೇರಿ ದಿನಕ್ಕೆ 5 ಜಿಬಿ ಸುಮಾರು ಬರಹ ಅಂತ ನನ್ನ ಲೆಕ್ಕ. 18 ಜಿಬಿ ಬರೆದು ಒಂದು ಗಂಟೆ ಕಳ್ಕೊಳ್ತಿದ್ದ ಜಾಗದಲ್ಲಿ ಇದು.

ಕಳೆದುಹೋಗೋದು ಸೊನ್ನೆ ಅಂತ ಮಾತ್ರ ಅಂದುಕೊಳ್ಳಬೇಡಿ. ಪ್ರೋಗ್ರಾಂ ಸತ್ತರೆ ಕರ್ನಲ್‌ಗೆ ಒಪ್ಪಿಸಿದ ಡೇಟಾ ಪೇಜ್ ಕ್ಯಾಶ್‌ನಲ್ಲಿ ಬದುಕಿರುತ್ತೆ. ಕರೆಂಟೇ ಹೋದ್ರೆ, ಎಫ್‌ಸಿಂಕ್ ಆಗದ ಕೊನೆಯ ಅರ್ಧ ನಿಮಿಷದಷ್ಟು ಹೋಗಬಹುದು. ಪ್ರತಿ ಸಾಲಿಗೂ ಎಫ್‌ಸಿಂಕ್ ಮಾಡಿದ್ರೆ ಮತ್ತೆ ಅದೇ ಜಿಗಿತದ ಗೋಳು.

ಎಷ್ಟು ಕಳ್ಕೊಂಡ್ರೆ ಪರವಾಗಿಲ್ಲ ಅನ್ನೋದನ್ನ ದೊಡ್ಡವರೂ ನೇರವಾಗಿ ಕೇಳಿಕೊಂಡಿದ್ದಾರೆ. ಫೇಸ್‌ಬುಕ್‌ನವರು 2015ರಲ್ಲಿ ಗೊರಿಲ್ಲಾ ಅನ್ನೋ ತಮ್ಮ ಮಾನಿಟರಿಂಗ್ ಡೇಟಾಬೇಸ್ ಬಗ್ಗೆ ಪೇಪರ್ ಬರೆದರು. ಕೊನೆಯ 26 ಗಂಟೆಯ ಡೇಟಾ ಪೂರ್ತಿ ಮೆಮೊರಿಯಲ್ಲಿ. 16 ಬೈಟಿನ ಒಂದು ಪಾಯಿಂಟನ್ನ ಸರಾಸರಿ 1.37 ಬೈಟಿಗೆ ಹಿಂಡಿದ್ದರು. ಡಿಸ್ಕಿಗೆ ಬರೆಯೋ ಲಾಗ್ ಇತ್ತು, ಆದ್ರೆ ಅದು 64 ಕೆಬಿ ಕೂಡೋವರೆಗೆ ಕಾಯ್ತಿತ್ತು. ಕ್ರ್ಯಾಶ್ ಆದ್ರೆ ಒಂದೆರಡು ಸೆಕೆಂಡಿನ ಡೇಟಾ ಹೋಗಬಹುದು ಅಂತ ತಿಳಿದೇ ಒಪ್ಪಿಕೊಂಡಿದ್ದರು. ಅದರ ಬದಲಿಗೆ ಎರಡು ಬೇರೆ ಪ್ರದೇಶಗಳಲ್ಲಿ ಎರಡು ಪ್ರತಿ ಇಟ್ಟರು. ನಿಮ್ಮಲ್ಲಿ ಹಲವರು ಬಳಸೋ ಪ್ರೊಮಿಥಿಯಸ್‌ನಲ್ಲೂ ಇದೇ ಜೋಡಿ ಏರ್ಪಾಡು: ಹೊಸ ಡೇಟಾ ಮೆಮೊರಿಯ ಹೆಡ್ ಬ್ಲಾಕಿನಲ್ಲಿ, ಜೊತೆಗೇ ಡಿಸ್ಕಿನಲ್ಲಿ ರೈಟ್ ಅಹೆಡ್ ಲಾಗ್, ಎರಡೆರಡು ಗಂಟೆಯ ಡೇಟಾ ಕಟ್ಟಾಗಿ ಬ್ಲಾಕ್ ರೂಪದಲ್ಲಿ ಡಿಸ್ಕಿಗೆ. ಆ ಲಾಗ್ ಇರೋ ಫೋಲ್ಡರನ್ನೇ "ಜಾಗ ತಿಂತಿದೆ" ಅಂತ ಅಳಿಸೋರನ್ನ ನಾನು ಕಣ್ಣಾರೆ ನೋಡಿದ್ದೀನಿ.

ನಮ್ಮ ಲ್ಯಾಬಿನಲ್ಲಿ ಈಗ ಟಿಎಂಪಿಎಫ್‌ಎಸ್ ತೆಗೆದುಬಿಟ್ಟಿದ್ದೀವಿ. ಆ ಗುರುತಿನ ಫೈಲಿನ ಬುದ್ಧಿವಂತಿಕೆ ಎರಡು ತಿಂಗಳಿಗೇ ನಿವೃತ್ತಿ ಆಯ್ತು. ಆರ್‌ಆರ್‌ಡಿ ಫೈಲ್‌ಗಳು ಎಸ್‌ಎಸ್‌ಡಿ ಮೇಲಿವೆ, ಮುಂದೆ ಆರ್‌ಆರ್‌ಡಿಕ್ಯಾಶ್‌ಡಿ ಕೂತಿದೆ, ಜರ್ನಲ್ ಆನ್. ರಾತ್ರಿ 2ಕ್ಕೆ ಎಲ್ಲವನ್ನೂ ಫ್ಲಶ್ ಮಾಡಿಸಿ, ಬೇರೆ ಯುಪಿಎಸ್ ಇರೋ ಇನ್ನೊಂದು ಬ್ಲಾಕಿನ ಮಷೀನಿಗೆ ಒಂದು ಕಾಪಿ ಹೋಗುತ್ತೆ. ವಾರಕ್ಕೊಮ್ಮೆ ಎಕ್ಸ್‌ಎಂಎಲ್ ಡಂಪ್ ತೆಗೀತೀವಿ. ಆರ್‌ಆರ್‌ಡಿ ಫೈಲ್ ಒಂದು ಥರದ ಪ್ರೊಸೆಸರಿನಿಂದ ಇನ್ನೊಂದಕ್ಕೆ ಹಾಗೇ ಎತ್ತಿಕೊಂಡು ಹೋದ್ರೆ ತೆರೆಯದೇ ಇರಬಹುದು, ಡಂಪ್ ಆದ್ರೆ ಎಲ್ಲಿ ಬೇಕಾದ್ರೂ ರಿಸ್ಟೋರ್ ಆಗುತ್ತೆ.

ಆ ರಾತ್ರಿ 11:00ರಿಂದ 11:50ರ ನಡುವೆ ಏನಾಯ್ತು ಅನ್ನೋದು ಇವತ್ತಿಗೂ ಗೊತ್ತಿಲ್ಲ. ಯುಪಿಎಸ್ ಅಂತ ಕೆಲವರು, ಎಸಿ ನಿಂತಿತ್ತು ಅಂತ ಕೆಲವರು. ರಿವ್ಯೂ ಒಂದು ವಾರ ಮುಂದೆ ಹೋಯ್ತು. ಸೆಮಿಸ್ಟರಿನ ಕೊನೇ ಶನಿವಾರ ನಾವೇ ಮಾನಿಟರಿಂಗ್ ಸರ್ವರಿನ ಪ್ಲಗ್ ಕಿತ್ತು, ಮತ್ತೆ ಹಾಕಿ, ಗ್ರಾಫ್ ಎಲ್ಲಿಗೆ ನಿಂತಿದೆ ಅಂತ ನೋಡೋ ಪ್ಲಾನ್ ಇದೆ. ನೋಡ್ಬೇಕು ಅನ್ನೋರು ಮಧ್ಯಾಹ್ನ ಊಟ ಮುಗಿಸಿಕೊಂಡು ಲ್ಯಾಬಿಗೆ ಬನ್ನಿ.